ವೃದ್ಧಾಪ್ಯದಲ್ಲಿ ಬಹುಔಷಧ ಸೇವನೆ

ಬಹುಔಷಧ ಸೇವನೆ ಎಂದರೆ ಒಬ್ಬ ವ್ಯಕ್ತಿಯು ಏಕಕಾಲದಲ್ಲಿ ಹಲವು ಔಷಧಗಳನ್ನು ನಿಯಮಿತವಾಗಿ ಸೇವಿಸುವುದು. ಸಾಮಾನ್ಯವಾಗಿ ಐದು ಅಥವಾ ಅದಕ್ಕಿಂತ ಹೆಚ್ಚು ಔಷಧಗಳ ಸೇವನೆಯನ್ನು ಈ ಹೆಸರಿನಿಂದ ಗುರುತಿಸಲಾಗುತ್ತದೆ. ಅಧಿಕ ರಕ್ತದೊತ್ತಡ, ಮಧುಮೇಹ, ಹೃದ್ರೋಗ, ಸಂಧಿವಾತ, ನಿದ್ರಾಹೀನತೆ ಮುಂತಾದ ತೊಂದರೆಗಳು ಒಟ್ಟಿಗೆ ಇರುವುದರಿಂದ ಹಿರಿಯರಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ಹಲವು ಔಷಧಗಳು ಅಗತ್ಯವಾಗಿರಬಹುದು. ಆದರೆ ಅವುಗಳ ಸಂಖ್ಯೆ ಹೆಚ್ಚಿದಂತೆ ಅಡ್ಡಪರಿಣಾಮಗಳ ಸಾಧ್ಯತೆಯೂ ಹೆಚ್ಚುತ್ತದೆ.

ದೇಹದಲ್ಲಿನ ಬದಲಾವಣೆಗಳು

ವಯಸ್ಸಾದಂತೆ ಮೂತ್ರಪಿಂಡಗಳ ಶೋಧನಾ ಸಾಮರ್ಥ್ಯ ಕುಗ್ಗುವುದರಿಂದ ಡಿಗಾಕ್ಸಿನ್‌ನಂತಹ ಔಷಧಗಳು ರಕ್ತದಲ್ಲಿ ಶೇಖರಗೊಳ್ಳಬಹುದು. ಸ್ನಾಯುಗಳು ಕ್ಷೀಣಿಸಿರುವವರಲ್ಲಿ ಕ್ರಿಯಾಟಿನಿನ್ ಪ್ರಮಾಣವು ಸಹಜವಾಗಿ ಕಂಡರೂ ಮೂತ್ರಪಿಂಡಗಳು ದುರ್ಬಲವಾಗಿರಬಹುದು. ದೇಹದಲ್ಲಿ ಕೊಬ್ಬಿನ ಪಾಲು ಹೆಚ್ಚುವುದರಿಂದ ಡಯಾಜಿಪಾಮ್ ದೀರ್ಘಕಾಲ ಉಳಿದು, ಮಂಪರು ಮತ್ತು ಬೀಳುವಿಕೆಗೆ ಕಾರಣವಾಗುತ್ತದೆ.

ಔಷಧ ಸರಪಳಿ

ಒಂದು ಔಷಧದ ಅಡ್ಡಪರಿಣಾಮವನ್ನು ಹೊಸ ರೋಗವೆಂದು ಭಾವಿಸಿ ಮತ್ತೊಂದು ಔಷಧ ನೀಡುವುದನ್ನು ಔಷಧ ಸರಪಳಿ ಎನ್ನಬಹುದು. ಇದನ್ನು 1990ರ ದಶಕದಲ್ಲಿ ಪೌಲಾ ರೋಶನ್ ಮತ್ತು ಜೆರ್ರಿ ಗುರ್ವಿಟ್ಜ್ ವಿವರಿಸಿದರು. ಉದಾಹರಣೆಗೆ, ರಕ್ತದೊತ್ತಡಕ್ಕೆ ನೀಡುವ ಆಮ್ಲೋಡಿಪಿನ್‌ನಿಂದ ಪಾದಗಳು ಊದಿಕೊಳ್ಳಬಹುದು. ಅದಕ್ಕೆ ಮೂತ್ರವರ್ಧಕ ನೀಡಿದಾಗ ರಕ್ತದಲ್ಲಿನ ಲವಣಾಂಶ ಕುಸಿದು ತಲೆಸುತ್ತು ಬರಬಹುದು. ತಲೆಸುತ್ತಿಗೆ ಮೂರನೆಯ ಮಾತ್ರೆ ಸೇರಿದರೆ ಸರಪಳಿ ಮುಂದುವರಿಯುತ್ತದೆ.

ಎಚ್ಚರಿಕೆ ಅಗತ್ಯವಿರುವ ಔಷಧಗಳು

* ಐಬುಪ್ರೊಫೆನ್‌ನಂತಹ ನೋವುನಿವಾರಕಗಳು: ವಾರ್ಫರಿನ್‌ನೊಂದಿಗೆ ಸೇವಿಸಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.
* ಗ್ಲಿಬೆನ್‌ಕ್ಲಮೈಡ್: ರಕ್ತದ ಸಕ್ಕರೆಯ ಮಟ್ಟ ದೀರ್ಘಕಾಲ ಕುಸಿಯಬಹುದು.
* ಕ್ಲೋರ್‌ಫೆನಿರಮಿನ್ ಇರುವ ನೆಗಡಿ ಮಾತ್ರೆಗಳು: ಗೊಂದಲ, ಮಲಬದ್ಧತೆ ಮತ್ತು ಮೂತ್ರ ಕಟ್ಟುವಿಕೆ ಉಂಟಾಗಬಹುದು.

ಮಾನದಂಡಗಳು

ಹಿರಿಯರಿಗೆ ಸೂಕ್ತವಲ್ಲದ ಔಷಧಗಳ ಪಟ್ಟಿಯನ್ನು ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ ಮತ್ತು ಸಹೋದ್ಯೋಗಿಗಳು 1991ರಲ್ಲಿ ಪ್ರಕಟಿಸಿದರು. ‘ಬಿಯರ್ಸ್ ಮಾನದಂಡ’ ಎಂದು ಕರೆಯಲಾಗುವ ಈ ಪಟ್ಟಿಯನ್ನು ನಂತರ ಹಲವು ಬಾರಿ ಪರಿಷ್ಕರಿಸಲಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಆರಂಭಿಸಿದ ಔಷಧ ಸುರಕ್ಷತಾ ಅಭಿಯಾನದ ಮೂರು ಆದ್ಯತೆಗಳಲ್ಲಿ ಬಹುಔಷಧ ಸೇವನೆಯೂ ಒಂದು.

ಸುರಕ್ಷತಾ ಕ್ರಮಗಳು

ಭಾರತದಲ್ಲಿ ಒಂದೇ ಔಷಧವು ಹಲವು ವ್ಯಾಪಾರನಾಮಗಳಲ್ಲಿ ದೊರೆಯುವುದರಿಂದ, ಇಬ್ಬರು ವೈದ್ಯರು ಬರೆದ ಚೀಟಿಗಳಲ್ಲಿ ಅದು ಪುನರಾವರ್ತನೆಯಾಗಬಹುದು. ಆದ್ದರಿಂದ ಆಯುರ್ವೇದ ಔಷಧಗಳು ಹಾಗೂ ಅಂಗಡಿಯಿಂದ ನೇರವಾಗಿ ಕೊಂಡ ಮಾತ್ರೆಗಳನ್ನೂ ಒಳಗೊಂಡ ಪೂರ್ಣ ಪಟ್ಟಿಯನ್ನು ಪ್ರತಿ ಭೇಟಿಯಲ್ಲಿಯೂ ವೈದ್ಯರಿಗೆ ತೋರಿಸುವುದು ಸೂಕ್ತ. ಹೊಸ ತೊಂದರೆ ಕಾಣಿಸಿಕೊಂಡಾಗ ಅದು ಔಷಧದಿಂದಲೇ ಬಂದಿರಬಹುದೇ ಎಂಬುದನ್ನು ಮೊದಲು ಪರಿಶೀಲಿಸಬೇಕು. ಕ್ಲೊನಾಜಿಪಾಮ್, ಅಟೆನೊಲಾಲ್ ಮುಂತಾದವುಗಳನ್ನು ಹಠಾತ್ತನೆ ನಿಲ್ಲಿಸುವುದು ಅಪಾಯಕಾರಿ. ಅವುಗಳನ್ನು ವೈದ್ಯರ ಮೇಲ್ವಿಚಾರಣೆಯಲ್ಲಿ ಹಂತಹಂತವಾಗಿ ಕಡಿಮೆ ಮಾಡಲಾಗುತ್ತದೆ.