ಕಾವೇರಿಯ ನಡುಗಡ್ಡೆಯಲ್ಲಿ ಒಂದು ಹಗಲು

ಮೈಸೂರಿನಲ್ಲಿ ಬೆಳಗಿನ ರೈಲು ಹಿಡಿದರೆ ಶ್ರೀರಂಗಪಟ್ಟಣ ಅರ್ಧ ಗಂಟೆಯ ದಾರಿ. ಗಾಡಿ ಕಾವೇರಿಯ ದಕ್ಷಿಣದ ಕವಲನ್ನು ದಾಟುವಾಗ ಗಡಗಡ ಸದ್ದಾಗುತ್ತದೆ. ಕಿಟಕಿಯಾಚೆ ಬಂಡೆಗಳ ನಡುವೆ ನೀರು ಹೊಳೆದು ಮಾಯವಾಗುತ್ತದೆ. ಅಷ್ಟರಲ್ಲಿ ಕೋಟೆಯ ಗೋಡೆ ಎದುರಾಗುತ್ತದೆ. ತಪಸ್ಸುಕಾಲದ ಮೊದಲ ವಾರ. ಮೈಸೂರಿನಲ್ಲಿ ಧರ್ಮಗುರುಗಳ ಧ್ಯಾನಕೂಟವನ್ನು ಮುಗಿಸಿದ ನಮಗೆ ಮಂಗಳೂರಿನ ಬಸ್ಸು ರಾತ್ರಿಗೆ ಇತ್ತು. ಒಂದು ಇಡೀ ಹಗಲು ನಮ್ಮದಾಗಿತ್ತು. ಹಾಗೆ ಒಂಟಿಯಾಗಿ ಆ ಪುಟ್ಟ ನಿಲ್ದಾಣದಲ್ಲಿ ಇಳಿದೆವು.

ಈ ಊರಿಗೆ ನಾವು ಹೊಸಬರಲ್ಲ. ಸೆಮಿನರಿಯ ದಿನಗಳಲ್ಲಿ ಬಸ್ಸು ತುಂಬ ಗೆಳೆಯರೊಡನೆ ಬಂದು, ದರಿಯಾ ದೌಲತ್ತಿನ ಗೋಡೆಯ ಮೇಲಿನ ಯುದ್ಧಚಿತ್ರವನ್ನು ನೋಡಿ, ಗುಂಬಜಿನ ಮುಂದೆ ಫೋಟೋ ತೆಗೆಸಿಕೊಂಡು, ಕತ್ತಲಾಗುವ ಮೊದಲು ಕನ್ನಂಬಾಡಿಯ ಬೃಂದಾವನಕ್ಕೆ ಓಡಿದವರಲ್ಲಿ ನಾವೂ ಒಬ್ಬರು. ನಮ್ಮ ಕರಾವಳಿಯ ಕುಟುಂಬಗಳು ಇಂದಿಗೂ ಈ ಊರನ್ನು ನೋಡುವ ರೀತಿ ಇದೇ ಅಲ್ಲವೇ? ಮೈಸೂರು ಪ್ರವಾಸದ ನಡುವೆ ಎರಡು ಗಂಟೆ.

ಈಗ ಊರು ಮೊದಲಿಗಿಂತಲೂ ಸ್ತಬ್ಧವಾಗಿದೆ. 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ತೆರೆದ ಮೇಲೆ ಅವಸರದ ವಾಹನಗಳು ಊರಿನ ಹೊರಗಿನಿಂದಲೇ ಹಾದುಹೋಗುತ್ತವೆ. ಹಳೆಯ ರಸ್ತೆಯ ಬದಿಯ ಹೋಟೆಲಿನಲ್ಲಿ ಇಡ್ಲಿ ಬಡಿಸಿದಾತ ಇದನ್ನು ದೂರಿನ ದನಿಯಲ್ಲಿ ಹೇಳಿದ. ನಮಗೋ, ನಿಜ ಹೇಳಬೇಕೆಂದರೆ, ಸಂತೋಷವೇ ಆಯಿತು. ರೈಲ್ವೆಯವರು ಮಾತ್ರ ಇಲ್ಲಿ ಒಂದು ಸಾಹಸ ಮಾಡಿದ್ದಾರೆ. ಜೋಡಿ ಹಳಿಗೆ ಅಡ್ಡವಾಗಿದ್ದ ಟಿಪ್ಪುವಿನ ಕಾಲದ ಮದ್ದಿನ ಮನೆಯನ್ನು ಒಡೆಯದೆ, 2017ರಲ್ಲಿ ಇಡಿಯಾಗಿ ಎತ್ತಿ ನೂರಾರು ಅಡಿ ದೂರಕ್ಕೆ ಸರಿಸಿದರು. ಇಟ್ಟಿಗೆ ಗಾರೆಯ ಗೂಡಿಗೆ ಇಷ್ಟು ಜೋಪಾನ ಸಿಕ್ಕಿತಲ್ಲ ಎಂದು ನಾವು ಅದರ ಎದುರು ಸ್ವಲ್ಪ ಹೊತ್ತು ನಿಂತೆವು.

ರಂಗನಾಥನ ಗುಡಿಯ ಬೀದಿಯಲ್ಲಿ ತುಳಸಿ ಮಾಲೆ ಕಟ್ಟುತ್ತಿದ್ದ ಮುದುಕಿಯೊಬ್ಬಳು, “ಯಾವೂರಾಯ್ತು ಸ್ವಾಮೀ?” ಎಂದಳು. ಮಂಗಳೂರು ಕಡೆ ಎಂದೆವು. “ಅಷ್ಟು ದೂರದಿಂದ ಬಂದ್ರಾ? ಟಿಪ್ಪು ಅರಮನೆ ನೋಡಾಕೆ?” ಎಂದು ಕೇಳಿದಳು. ಹೌದೆಂದೂ ಅಲ್ಲವೆಂದೂ ಹೇಳಲಾಗದೆ ನಕ್ಕು ಮುಂದೆ ನಡೆದೆವು. ನಿಜದಲ್ಲಿ ನಾವು ಬಂದುದು ನಮ್ಮ ಅಜ್ಜಿಯ ಒಂದು ಮಾತಿನಿಂದಾಗಿ.

ಅಜ್ಜಿ ತೀರಿ ನಲವತ್ತು ವರ್ಷಗಳಾದವು. ಮನೆಯ ಮಕ್ಕಳು ಗದ್ದೆಯಿಂದಲೋ ಸಂತೆಯಿಂದಲೋ ತಡವಾಗಿ ಬಂದರೆ ಆಕೆ ಕೊಂಕಣಿಯಲ್ಲಿ, “ಎಲ್ಲಿ, ಪಟ್ಣಕ್ಕೆ ಹೋಗಿದ್ದೆಯಾ?” ಎಂದು ಗದರುತ್ತಿದ್ದಳು. ಪಟ್ಣವೆಂದರೆ ಮಂಗಳೂರು ಪೇಟೆ ಎಂದೇ ನಾವು ಬಹುಕಾಲ ತಿಳಿದಿದ್ದೆವು. ಅದು ಶ್ರೀರಂಗಪಟ್ಟಣವೆಂದು, ಹೋದವರು ಹದಿನೈದು ವರ್ಷ ಬಾರದಿದ್ದ ಊರೆಂದು ತಿಳಿದದ್ದು ಆಕೆಯ ಮರಣದ ನಂತರ.

ಆ ಕಥೆಯನ್ನು ಈ ಪುಟದ ಓದುಗರು ಬಲ್ಲರು. 1783ರಲ್ಲಿ ಜನರಲ್ ಮ್ಯಾಥ್ಯೂಸನ ಇಂಗ್ಲಿಷ್ ಸೈನ್ಯ ಮಂಗಳೂರನ್ನು ಹಿಡಿದಾಗ ನಮ್ಮವರು ಅವರಿಗೆ ನೆರವಾದರೆಂಬುದು ಟಿಪ್ಪು ಸುಲ್ತಾನನ ಆರೋಪ. ಕೋಟೆ ಅವನ ಕೈಗೆ ಮರಳಿದ ಮೇಲೆ, 1784ರ ವಿಭೂತಿ ಬುಧವಾರದ ಹೊತ್ತಿಗೆ, ಕೆನರಾ ಸೀಮೆಯ ಕ್ರೈಸ್ತ ಕುಟುಂಬಗಳನ್ನು ಹಿಡಿದು ಘಟ್ಟ ಹತ್ತಿಸಿ ಇಲ್ಲಿಗೆ ನಡೆಸಿಕೊಂಡು ಬಂದರು. ದಾರಿಯಲ್ಲಿ ಎಷ್ಟೋ ಮಂದಿ ಸತ್ತರು. ಊರಿನಲ್ಲಿ ಇಗರ್ಜಿಗಳು ನೆಲಸಮವಾದವು. ಮೂಡುಬಿದಿರೆಯ ಬಳಿಯ ಹೊಸ್ಪೇಟೆಯ ಇಗರ್ಜಿ ಚೌಟ ಅರಸರ ರಕ್ಷಣೆಯಿಂದ ಉಳಿಯಿತೆನ್ನುತ್ತಾರೆ. ಸೆರೆಯಾದವರ ಸಂಖ್ಯೆಯಲ್ಲಿ ಬರಹಗಾರರಿಗೆ ಒಮ್ಮತವಿಲ್ಲ. 60,000 ಎಂದವರಿದ್ದಾರೆ, ಅದರ ಅರ್ಧ ಎಂದವರೂ ಇದ್ದಾರೆ. ಇದೇ ಸುಲ್ತಾನ 1791ರಲ್ಲಿ ಮರಾಠರ ದಂಡು ಲೂಟಿ ಮಾಡಿದ ಶೃಂಗೇರಿ ಮಠಕ್ಕೆ ನೆರವಿತ್ತದ್ದೂ, ಅವನ ಅರಮನೆಯ ಪಕ್ಕದಲ್ಲೇ ರಂಗನಾಥನ ಗುಡಿಯ ಗಂಟೆ ಮೊಳಗುತ್ತಿದ್ದುದೂ ಸತ್ಯವೇ. ಒಂದು ಸತ್ಯವನ್ನು ಹಿಡಿದು ಇನ್ನೊಂದನ್ನು ಹೊಡೆಯುವ ಇಂದಿನ ಚಾಳಿ ನಮಗೆ ಹಿಡಿಸದು.

ಕೋಟೆಯೊಳಗೆ ಇಂಗ್ಲಿಷ್ ಅಧಿಕಾರಿಗಳನ್ನು ಕೂಡಿಹಾಕುತ್ತಿದ್ದ ಕರ್ನಲ್ ಬೈಲಿಯ ಸೆರೆಮನೆಯಿದೆ. ಸುಣ್ಣ ಬಳಿದ ಕಮಾನಿನ ನೆಲಮಾಳಿಗೆ. ಸರಪಳಿ ಕಟ್ಟಲು ಗೋಡೆಯಿಂದ ಚಾಚಿದ ತೂತಿನ ಕಲ್ಲುಗಳು. ಅಲ್ಲಿಂದ ಆಚೆ, 1799ರ ಮೇ 4ರಂದು ಕೋಟೆಯನ್ನು ಭೇದಿಸಿದ ಸೈನಿಕರ ನೆನಪಿಗೆ ಒಂದು ಸ್ತಂಭ. ಊರ ಹೊರಗೆ ನದಿಯ ಬದಿಯಲ್ಲಿ ಇಂಗ್ಲಿಷ್ ದಂಡಿನವರ ಸ್ಮಶಾನ. ಕಂಪನಿಗೆ ದುಡಿದ ಸ್ವಿಸ್ ಮೂಲದ ದ ಮ್ಯೂರಾನ್ ಪಡೆಯವರ ಗೋರಿಗಳೂ ಅಲ್ಲಿವೆ. ಯುದ್ಧಕ್ಕಿಂತ ಹೆಚ್ಚಾಗಿ ಜ್ವರ ಅವರನ್ನು ಕೊಂದಿತು. ಆ ಜ್ವರದ ದೆಸೆಯಿಂದಲೇ ಮುಂದೆ ಕಂಪನಿಯ ದಂಡು ಬೆಂಗಳೂರಿಗೆ ಹೊರಟುಹೋಯಿತು. ಹೆಂಡತಿಯರ, ಹಸುಗೂಸುಗಳ ಹೆಸರುಗಳನ್ನೂ ಅಲ್ಲಿನ ಕಲ್ಲುಗಳು ಹೇಳುತ್ತವೆ. ಒಂದೊಂದನ್ನೂ ಬಗ್ಗಿ ಓದಿದೆವು. ಆದರೆ ಇಡೀ ಹಗಲು ಸುತ್ತಿದರೂ ನಮ್ಮ ಕರಾವಳಿಯ ಒಂದೇ ಒಂದು ಹೆಸರಿನ ಕಲ್ಲು ನಮ್ಮ ಕಣ್ಣಿಗೆ ಬೀಳಲಿಲ್ಲ.

ಮಧ್ಯಾಹ್ನದ ಬಿಸಿಲಿನಲ್ಲಿ ಸ್ನಾನಘಟ್ಟದ ಮೆಟ್ಟಿಲುಗಳ ಮೇಲೆ ಕುಳಿತೆವು. ಮೇಲೆ ಕನ್ನಂಬಾಡಿಯ ಕಟ್ಟೆಯಿಂದ ಬಿಟ್ಟಷ್ಟೇ ನೀರು. ಬಂಡೆಗಳ ಬೆನ್ನು ಒಣಗಿತ್ತು; ತಿಥಿ ಮುಗಿಸಿದ ಕುಟುಂಬವೊಂದು ಬಾಳೆಯೆಲೆಯ ಪಿಂಡವನ್ನು ನೀರಿಗೆ ಬಿಟ್ಟು ಮೌನವಾಗಿ ನಿಂತಿತ್ತು. ತೆಪ್ಪದವನು ಮಗುಚಿಟ್ಟ ತೆಪ್ಪದ ನೆರಳಿನಲ್ಲಿ ನಿದ್ರಿಸುತ್ತಿದ್ದ. ನಮ್ಮ ನೇತ್ರಾವತಿಗೆ ಸಮುದ್ರದ ಅವಸರ ಇರುತ್ತದೆ; ಕಾವೇರಿಗೆ ಇಲ್ಲಿ ಯಾವ ಅವಸರವೂ ಇಲ್ಲ. ಘಟ್ಟ ಹತ್ತಿ ಬಂದ ಆ ಜನ ಮೊದಲು ಕಂಡದ್ದು ಈ ನದಿಯನ್ನೇ ಇರಬೇಕು. ಗದ್ದೆ, ತೆಂಗು, ಹೊಳೆ ಎಲ್ಲವೂ ಮನೆಯಲ್ಲಿದ್ದಂತೆಯೇ; ಆದರೆ ಮನೆಯಲ್ಲ.

ಇಳಿಹೊತ್ತಿಗೆ ದರಿಯಾ ದೌಲತ್ ದಾಟಿ ಗಂಜಾಮಿನ ಕಡೆ ನಡೆದೆವು. ದಾರಿಬದಿಯಲ್ಲಿ ಬುಟ್ಟಿಯಲ್ಲಿ ಅಂಜೂರ ಮಾರುತ್ತಿದ್ದರು. ಗಂಜಾಮಿನ ಅಂಜೂರ ಹೆಸರಾದದ್ದು. ತಪಸ್ಸುಕಾಲವಾದರೂ ನಾಲ್ಕು ಕೊಂಡು ತಿಂದೆವೆಂದು ಒಪ್ಪಿಕೊಳ್ಳುತ್ತೇವೆ. ಅಲ್ಲೊಂದು ಹಳೆಯ ಪುಟ್ಟ ಇಗರ್ಜಿಯಿದೆ. ಜನ ಅದನ್ನು ಅಬ್ಬೆ ದುಬಾಯ್ ಅವರ ಚರ್ಚೆಂದೇ ಕರೆಯುತ್ತಾರೆ.

ದುಬಾಯ್ ಅವರು ಪ್ಯಾರಿಸಿನ ವಿದೇಶಿ ಧರ್ಮಪ್ರಚಾರ ಸಂಸ್ಥೆಯ ಯಾಜಕರು. 1799ರಲ್ಲಿ ಕೋಟೆ ಬಿದ್ದ ಮೇಲೆ ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಕೂಡಿಸಲು ಮೈಸೂರು ಸೀಮೆಗೆ ಬಂದವರು. ನಾಡಿನವರ ಉಡುಪು ತೊಟ್ಟು, ನಾಡಿನವರ ಊಟ ಉಂಡು, ‘ದೊಡ್ಡ ಸ್ವಾಮಿಯವರು’ ಎನಿಸಿಕೊಂಡರು. 1803–04ರಲ್ಲಿ 25,000ಕ್ಕೂ ಹೆಚ್ಚು ಜನರಿಗೆ ಸಿಡುಬಿನ ಲಸಿಕೆ ಹಾಕಿಸಿದರು. ಹಿಂದೂ ಆಚಾರ ವಿಚಾರಗಳನ್ನು ಕುರಿತ ಅವರ ದೊಡ್ಡ ಗ್ರಂಥ ವಿದ್ವಾಂಸರಿಗೆ ಪರಿಚಿತ. ನಮ್ಮನ್ನು ಕಾಡುವುದು ಆ ಗ್ರಂಥವಲ್ಲ. 1823ರಲ್ಲಿ, ಅವರು ಭಾರತವನ್ನು ಬಿಟ್ಟು ಹೋದ ವರ್ಷ, ಲಂಡನ್ನಿನಲ್ಲಿ ಅಚ್ಚಾದ ಅವರ ಪತ್ರಗಳ ಪುಸ್ತಕ. ಅದರಲ್ಲಿ ಅವರು ಈ ಸೆರೆಯನ್ನು ನೆನೆದು, ಅಷ್ಟು ಸಾವಿರ ಜನರಲ್ಲಿ ವಿಶ್ವಾಸವನ್ನು ಬಹಿರಂಗವಾಗಿ ಒಪ್ಪಿ ರಕ್ತಸಾಕ್ಷಿಯಾಗುವ ಎದೆಗಾರಿಕೆ ಒಬ್ಬನಿಗೂ ಇರಲಿಲ್ಲವೆಂಬ ಅರ್ಥದ ಮಾತನ್ನು ಬರೆದಿದ್ದಾರೆ.

ಸೆಮಿನರಿಯ ಗ್ರಂಥಾಲಯದಲ್ಲಿ ಇದನ್ನು ಮೊದಲು ಓದಿದ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಹಿರಿಯರನ್ನು ರಕ್ತಸಾಕ್ಷಿಗಳೆಂದೇ ಕೇಳಿ ಬೆಳೆದವರು ನಾವು. ಮಾತು ಸುಳ್ಳೆಂದು ಸಾಧಿಸಲು ಸಾಧ್ಯವಿದ್ದಿದ್ದರೆ ಸಮಾಧಾನವಾಗುತ್ತಿತ್ತು. ಆದರೆ ಬಲವಂತಕ್ಕೆ ಮಣಿದವರು ಬಹಳ ಮಂದಿ ಇದ್ದರೆಂಬುದನ್ನು ಅಲ್ಲಗಳೆಯಲಾಗದು. ಬಿರುಗಾಳಿಯಲ್ಲಿ ಹಡಗಿನ ಸರಕನ್ನು ಸಮುದ್ರಕ್ಕೆ ಎಸೆಯುವವನು ಮನಸಾರೆ ಎಸೆಯುತ್ತಾನೆಯೇ ಎಂದು ಅರಿಸ್ಟಾಟಲ್ ಚರ್ಚಿಸಿದ್ದನ್ನು ನಾವು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆವು. ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಇಲ್ಲಿಗೆ ನಡೆದು ಬಂದ ತಾಯಂದಿರ ಮುಂದೆ ಆ ಪ್ರಶ್ನೆ ಪರೀಕ್ಷೆಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಧರ್ಮಸಭೆಗೆ ಇದು ಹೊಸ ಪ್ರಶ್ನೆಯೂ ಅಲ್ಲ. ಕ್ರಿಸ್ತಶಕ 250ರಲ್ಲಿ ಚಕ್ರವರ್ತಿ ದೇಸಿಯಸನ ಹಿಂಸೆಗೆ ಹೆದರಿ ವಿಗ್ರಹಗಳಿಗೆ ಬಲಿಯಿತ್ತ ಕ್ರೈಸ್ತರು ಮರಳಿ ಬಂದು ಬಾಗಿಲು ತಟ್ಟಿದಾಗ ಕಾರ್ಥೇಜಿನ ಸಭೆ ಒಡೆದು ಎರಡಾಯಿತು. ಬಿಷಪ್ ಸಂತ ಸಿಪ್ರಿಯಾನರು ಮೊದಲಿಗೆ ಕಠಿಣವಾಗಿದ್ದು, ಕೊನೆಗೆ ಪ್ರಾಯಶ್ಚಿತ್ತ ಮಾಡಿದವರಿಗೆ ಬಾಗಿಲು ತೆರೆದರು. ಆ ಹಿಂಸೆಯ ಕಾಲದಲ್ಲಿ ಅವರೂ ಮರೆಯಲ್ಲಿದ್ದರೆಂಬುದು, ಎಂಟು ವರ್ಷಗಳ ನಂತರ ಅವರೇ ರಕ್ತಸಾಕ್ಷಿಯಾದರೆಂಬುದು ಮರೆಯತಕ್ಕದ್ದಲ್ಲ.

ದುಬಾಯ್ ಅವರ ಲೇಖನಿ ಕಠಿಣವಾಗಿತ್ತು, ಕೈ ಹಾಗಿರಲಿಲ್ಲ. ಅದೇ ಪತ್ರದಲ್ಲಿ ಅವರು ಇನ್ನೊಂದು ಮಾತನ್ನೂ ಸೇರಿಸುತ್ತಾರೆ: ಸೆರೆ ಬಿಟ್ಟ ಮೇಲೆ ಸುಮಾರು 2,000 ಜನ ತಮ್ಮ ಬಳಿಗೇ ಬಂದರು, ಹೆಚ್ಚುಕಡಿಮೆ 20,000 ಜನ ಮಂಗಳೂರು ಸೀಮೆಗೆ ಮರಳಿ ಇಗರ್ಜಿಗಳನ್ನು ಮತ್ತೆ ಕಟ್ಟಿಕೊಂಡರು. ಹೃದಯದಲ್ಲಿ ಎಂದೂ ವಿಶ್ವಾಸವನ್ನು ಬಿಟ್ಟಿರಲಿಲ್ಲವೆಂದು ಆ ಜನ ಅವರಿಗೆ ಹೇಳಿದರಂತೆ. ಅವರು ನಂಬಿದರೋ ಇಲ್ಲವೋ, ಸೇರಿಸಿಕೊಂಡರು. ಹದಿನೈದು ವರ್ಷ ಪ್ರಾರ್ಥನೆಯನ್ನು ಬಾಯಿಬಿಟ್ಟು ಹೇಳಲಾಗದವರು, ಬಂಧನ ಕಳಚಿದ ಕೂಡಲೇ ಬೇರೆ ಸುಖವನ್ನು ಹುಡುಕದೆ, ಪಾಳುಬಿದ್ದ ಇಗರ್ಜಿಯ ಕಡೆಗೆ ಅದೇ ಘಟ್ಟವನ್ನು ಇಳಿದರು. ಇದಕ್ಕೆ ಸಾಕ್ಷಿ ಎನ್ನದೆ ಬೇರೇನು ಹೆಸರಿಡೋಣ? ನಮ್ಮ ಅಜ್ಜಿಯ ಜಪಸರ ಬಂದದ್ದು ಮಣಿಯದೆ ಸತ್ತವರಿಂದಲ್ಲ, ಮಣಿದು ಮರಳಿದವರಿಂದ. ಇದನ್ನು ಒಪ್ಪಿಕೊಳ್ಳಲು ನಮಗೆ ಐವತ್ತು ದಾಟಬೇಕಾಯಿತು.

ಇಗರ್ಜಿಯ ಅಂಗಳವನ್ನು ಗುಡಿಸುತ್ತಿದ್ದ ಹಿರಿಯರೊಬ್ಬರು ಬೀಗ ತೆಗೆದು, ನಾವು ಪ್ರಾರ್ಥನೆ ಮುಗಿಸುವ ತನಕ ಹೊರಗೆ ಕಾದರು. ಹೊರಡುವಾಗ ನಮ್ಮ ಊರನ್ನು ಕೇಳಿ, “ನಿಮ್ ಕಡೆಯೋರು ಇಲ್ಲೇ ಉಳ್ಕಂಡವ್ರೂ ಅವ್ರಂತೆ ಫಾದರ್. ನಮ್ ತಾತ ಹೇಳೋರು. ಯಾರು ಅಂತ ಈಗ ಗೊತ್ತಾಗಾಕಿಲ್ಲ,” ಎಂದರು. ಅವರ ಮುಖವನ್ನೇ ಒಂದು ಗಳಿಗೆ ನೋಡಿದೆವು. ಕುಡಿಯಲು ತಣ್ಣಗಿನ ನೀರು ಕೊಟ್ಟರು.

ಬಸ್ಸು ಘಟ್ಟದಲ್ಲಿ ಕೆಟ್ಟು ನಿಂತು, ನಮ್ಮ ಇಗರ್ಜಿಗೆ ತಲುಪುವಾಗ ಬೆಳಗಿನ ಪೂಜೆಯ ಹೊತ್ತು ಮೀರಿತ್ತು. ಮೆಟ್ಟಿಲ ಮೇಲೆ ಕಾಯುತ್ತಿದ್ದ ನಾಲ್ಕಾರು ಅಜ್ಜಿಯರಲ್ಲಿ ಒಬ್ಬಾಕೆ ಎದ್ದು ನಿಂತು, “ಏನು ಫಾದರ್, ಇಷ್ಟು ತಡ? ಎಲ್ಲಿಗೆ ಹೋಗಿದ್ದಿರಿ?” ಎಂದು ಕೇಳಿದರು.

“ಪಟ್ಣಕ್ಕೆ,” ಎಂದೆವು.