ಅಲಮೇಲುವನ್ನು ಕೇಳಿದವರಾರು?

ಮಧ್ಯಾಹ್ನದ ಊಟದ ಗಿರಾಕಿಗಳು ಕರಗಿದ ಮೇಲೆ, ಸಂಜೆಯ ತಿಂಡಿಯ ಗದ್ದಲ ಆರಂಭವಾಗುವ ಮುನ್ನ, ಹೋಟೆಲಿನಲ್ಲಿ ದುಡಿಯುವವನಿಗೆ ಒಂದು ಗಂಟೆಯ ಬಿಡುವು ದೊರೆಯುತ್ತದೆ. ಇಡೀ ದಿನದಲ್ಲಿ ತನ್ನದೆಂದು ಅವನು ಹೇಳಿಕೊಳ್ಳಬಹುದಾದ ಹೊತ್ತು ಅದೊಂದೇ. ಆಗ ಕೆಲವರು ಬೆಂಚಿನ ಮೇಲೆ ಮೈಚಾಚುತ್ತಾರೆ. ಕೆಲವರು ಊರಿನ ಮನೆಯವರೊಡನೆ ಫೋನಿನಲ್ಲಿ ಮಾತನಾಡುತ್ತಾರೆ. ಇನ್ನು ಕೆಲವರು ಓದುತ್ತಾರೆ. ಓದುವವರು ಹಿಂದಿನಷ್ಟು ಮಂದಿ ಇಲ್ಲವೆಂಬುದು ನಿಜವಾದರೂ ಅವರ ಸಂತತಿ ಇನ್ನೂ ಅಳಿದಿಲ್ಲ. ವಿಲೆ ಪಾರ್ಲೆ ಪೂರ್ವದಲ್ಲಿ, ಸ್ಟೇಶನ್ನಿನಿಂದ ಕೂಗಳತೆಯ ದೂರದಲ್ಲಿರುವ ಹೋಟೆಲೊಂದರ ಹಿಂದಿನ ಮೇಜಿನ ಸುತ್ತ ಈಚೆಗೆ ನಡೆದ ವಾದವನ್ನು ವಾಚಕರ ಮುಂದಿಡಬೇಕೆಂದು ನಮಗೆ ತೋರಿದೆ. ವಾದ ಸಾಹಿತ್ಯದ್ದೇ ಆದರೂ ಅದರ ಬಿಸಿ ನಮ್ಮ ಬಾಳಿಗೂ ತಟ್ಟಿತು.

ವಾದಕ್ಕೆ ಕಾರಣವಾದುದು ಒಂದು ಹಳೆಯ ಪುಸ್ತಕ. ನಮ್ಮ ಗುಮಾಸ್ತ ಮಿತ್ರರೊಬ್ಬರ ಮಗಳು ಪಾರ್ಲೆ ಪಶ್ಚಿಮದ ಕಾಲೇಜಿನಲ್ಲಿ ಓದುತ್ತಿದ್ದಾಳೆ. ತಂದೆಯೊಡನೆ ಕಾಫಿಗೆ ಬಂದ ಆಕೆ ಫೌಂಟನಿನ ಫುಟ್‌ಪಾತಿನಲ್ಲಿ ಕೊಂಡಿದ್ದ ಇಂಗ್ಲಿಷ್ ಕಾದಂಬರಿಯನ್ನು ಮೇಜಿನ ಮೇಲಿಟ್ಟಳು. ಹೆಸರು ‘ಟ್ವೈಲೈಟ್’. ಅಮೆರಿಕದ ಅರಿಜೋನಾದಲ್ಲಿ ಮೂವರು ಗಂಡುಮಕ್ಕಳನ್ನು ಸಾಕುತ್ತಿದ್ದ ಗೃಹಿಣಿ ಸ್ಟೆಫನಿ ಮೇಯರ್ ಎಂಬವರು ಬರೆದುದು. 2005ರಿಂದ 2008ರೊಳಗೆ ನಾಲ್ಕು ಸಂಪುಟಗಳಾಗಿ ಪ್ರಕಟವಾದ ಈ ಕಥಾಮಾಲೆಯ ಪ್ರತಿಗಳು ಜಗತ್ತಿನಾದ್ಯಂತ ಸುಮಾರು 16 ಕೋಟಿಯಷ್ಟು ಮಾರಾಟವಾಗಿವೆ. 2008 ಮತ್ತು 2012ರ ನಡುವೆ ಐದು ಚಲಚ್ಚಿತ್ರಗಳೂ ಬಂದವು.

ಕಥೆಯನ್ನು ಆಕೆ ಸಂಗ್ರಹವಾಗಿ ಹೇಳಿದಳು. ಮಳೆ ಬಿಡದ ಫೋರ್ಕ್ಸ್ ಎಂಬ ಸಣ್ಣ ಊರು. ಅಲ್ಲಿಗೆ ಬರುವ 17 ವರ್ಷದ ಬೆಲ್ಲಾ. ಆಕೆಯ ಸಹಪಾಠಿ ಎಡ್ವರ್ಡ್. ಅವನು ನೋಟಕ್ಕೆ ಹದಿನೇಳರವನು, ಹುಟ್ಟಿದುದು ಮಾತ್ರ 1901ರಲ್ಲಿ. 1918ರ ಇನ್‌ಫ್ಲುಯೆಂಜಾ ಪಿಡುಗಿನಲ್ಲಿ ಸಾಯಬೇಕಾಗಿದ್ದವನು ರಕ್ತ ಹೀರುವ ಪಿಶಾಚಿಯಾಗಿ ಉಳಿದಿದ್ದಾನೆ. ಮನುಷ್ಯರನ್ನು ಮುಟ್ಟದೆ ಕಾಡುಮೃಗಗಳ ರಕ್ತದಿಂದ ಬದುಕುವ ವ್ರತ ಅವನದು. ಬೆಲ್ಲಾಳ ರಕ್ತದ ವಾಸನೆಯೋ ಅವನ ವ್ರತವನ್ನು ಅಲುಗಿಸುವಂಥದು. ಅವಳನ್ನು ಕೊಲ್ಲಬೇಕೆಂಬ ಹಸಿವು, ಕಾಯಬೇಕೆಂಬ ಪ್ರೀತಿ, ಇವೆರಡರ ಎಳೆದಾಟವೇ ಕಥೆ.

ಅಡುಗೆಯ ಭಟ್ಟರಿಗೆ ನಗೆ ತಡೆಯಲಾಗಲಿಲ್ಲ. “ನಮ್ಮ ಕಡೆ ಕುಲೆ ಎಂದರೆ ಬಾಗಿಲಿಗೆ ಅಗಳಿ ಹಾಕಿ ದೇವರ ಹೆಸರು ಹೇಳುತ್ತಿದ್ದೆವು ಮಗಳೇ. ನಿಮ್ಮ ಪುಸ್ತಕದ ಹುಡುಗಿ ಅದಕ್ಕೆ ಮಾಲೆ ಹಾಕಲು ಹೊರಟಳೆ?” ಎಂದರು. ಭಟ್ಟರ ಮಾತಿನಲ್ಲಿ ಇತಿಹಾಸವೂ ಇದೆ. 1897ರಲ್ಲಿ ಬ್ರಾಮ್ ಸ್ಟೋಕರ್ ‘ಡ್ರಾಕುಲಾ’ ಬರೆದಾಗ ರಕ್ತಪಿಶಾಚಿ ಊರವರೆಲ್ಲ ಸೇರಿ ಕೊಲ್ಲಬೇಕಾದ ಪೀಡೆಯಾಗಿತ್ತು. ನೂರು ವರ್ಷ ಕಳೆಯುವಷ್ಟರಲ್ಲಿ ಅದು ನಾಯಕನಾಗಿ, ವರನೂ ಆಗಿ ನಿಂತಿತು.

ಆದರೆ ಹುಡುಗಿಯ ಆಕ್ಷೇಪ ಪಿಶಾಚಿಯ ಬಗ್ಗೆ ಇರಲಿಲ್ಲ, ಪ್ರೇಮಿಯ ಬಗ್ಗೆ ಇತ್ತು. ಎಡ್ವರ್ಡ್ ರಾತ್ರಿಯ ಹೊತ್ತು, ಬೆಲ್ಲಾಳಿಗೆ ತಿಳಿಯದಂತೆ, ಅವಳ ಕೋಣೆಗೆ ಬಂದು ಅವಳು ನಿದ್ರಿಸುವುದನ್ನು ನೋಡುತ್ತ ಕೂರುತ್ತಾನೆ. ಬೇರೆ ಊರಿಗೆ ಹೋದರೆ ಹಿಂದೆಯೇ ಹೋಗುತ್ತಾನೆ. ಅಲ್ಲಿ ದುಷ್ಟರ ಕೈಯಿಂದ ಅವಳನ್ನು ಪಾರುಮಾಡುವುದರಿಂದ ಹಿಂಬಾಲಿಸಿದ ತಪ್ಪು ಮರೆತುಹೋಗುತ್ತದೆ. ಎರಡನೆಯ ಸಂಪುಟದಲ್ಲಿ ಅವಳ ಒಳಿತಿಗೆಂದು ತಾನೇ ತೀರ್ಮಾನಿಸಿ ಅವಳನ್ನು ಬಿಟ್ಟುಹೋಗುತ್ತಾನೆ; ಅವಳು ತಿಂಗಳುಗಟ್ಟಲೆ ಜೀವಚ್ಛವವಾಗುತ್ತಾಳೆ. ಮೂರನೆಯದರಲ್ಲಿ ಅವಳು ತನ್ನ ಸ್ನೇಹಿತ ಜೇಕಬನನ್ನು ನೋಡಲು ಹೋಗದಂತೆ ಅವಳ ವಾಹನದ ಯಂತ್ರದ ಭಾಗವನ್ನೇ ಕಳಚಿಡುತ್ತಾನೆ. ಇದನ್ನೆಲ್ಲ ಕೋಟಿಗಟ್ಟಲೆ ಹುಡುಗಿಯರು ಪ್ರೇಮದ ಪರಾಕಾಷ್ಠೆ ಎಂದು ಓದಿದರು. ಓದಿದವರಲ್ಲೇ ಅನೇಕರು ಇದು ಪ್ರೇಮವಲ್ಲ, ಪಹರೆ ಎಂದು ಪ್ರತಿಭಟಿಸಿದರು. ಲೇಖಕಿಗೂ ಉತ್ತರಿಸಬೇಕೆನಿಸಿತು. ಬೆಲ್ಲಾ ಅಬಲೆ ಎಂಬ ಟೀಕೆಗೆ ಮರುಮಾತಾಗಿ 2015ರಲ್ಲಿ ಅವರು ಗಂಡನ್ನು ಹೆಣ್ಣಾಗಿಸಿ ಹೆಣ್ಣನ್ನು ಗಂಡಾಗಿಸಿ ಅದೇ ಕಥೆಯನ್ನು ಹೊಸದಾಗಿ ಬರೆದರು. ಓದುಗರ ಜಗಳಕ್ಕೆ ಅಷ್ಟು ಬೆಲೆ ಬಂದುದು ಸಣ್ಣ ಸಂಗತಿಯಲ್ಲ.

ನಮ್ಮ ರಾಮಾಚಾರಿ

“ಇದೆಲ್ಲ ಆ ದೇಶದ ಹುಚ್ಚು, ನಮ್ಮಲ್ಲಿ ಇಂಥದಿಲ್ಲ” ಎಂದು ಗಲ್ಲೆಯಲ್ಲಿ ಕುಳಿತಿದ್ದವರು ತೀರ್ಪಿತ್ತರು. ಆಗ ಕಾರ್ಕಳದ ಕಡೆಯಿಂದ ಬಂದು ಎರಡು ವರ್ಷವಾದ ಮಾಣಿಯೊಬ್ಬ, ಲೋಟಗಳನ್ನು ಒರೆಸುತ್ತಿದ್ದವನು, ಮೆಲ್ಲನೆ ಕೇಳಿದ: “ಹಾಗಾದರೆ ನಮ್ಮ ರಾಮಾಚಾರಿ?”

ಮೇಜು ಒಂದು ಕ್ಷಣ ಮೌನವಾಯಿತು. ಹುಡುಗ ಗುರಿಯಿಟ್ಟು ಹೊಡೆದಿದ್ದ. ಚಿತ್ರದುರ್ಗ ಜಿಲ್ಲೆಯ ತಳುಕಿನ ತ. ರಾ. ಸುಬ್ಬರಾಯರು (1920-1984) ಬರೆದ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ‘ನಾಗರಹಾವು’ ಚಿತ್ರವನ್ನು ತೆಗೆದರು. ವಿಷ್ಣುವರ್ಧನರು ನಾಯಕರಾದುದೂ ಅಂಬರೀಷರು ಮೊದಲ ಸಲ ತೆರೆಯ ಮೇಲೆ ಬಂದುದೂ ಅದರಲ್ಲೇ. 1974ರಲ್ಲಿ ಪುಟ್ಟಣ್ಣನವರೇ ಅದನ್ನು ‘ಜಹ್ರೀಲಾ ಇನ್ಸಾನ್’ ಎಂಬ ಹೆಸರಿನಲ್ಲಿ ಹಿಂದಿಯಲ್ಲಿ ಮಾಡಿದರು; ಅದೇ ವರ್ಷ ತೆಲುಗಿನಲ್ಲೂ ತಮಿಳಿನಲ್ಲೂ ಅದರ ರೂಪಾಂತರಗಳು ಬಂದವು. ಹೀಗೆ ವಿಷವುಳ್ಳ ಪ್ರೇಮಿ ನಮಗೇನೂ ಹೊಸಬನಲ್ಲ. ಪರದೇಶದವನು ಹಲ್ಲೂರಿದರೆ ನಮ್ಮವನು ಹೆಡೆಯೆತ್ತುತ್ತಾನೆ, ಅಷ್ಟೇ ಭೇದ.

ಮೂಲ ಲೇಖಕರಿಗೂ ಆ ಚಿತ್ರದ ಬಗ್ಗೆ ತಕರಾರಿತ್ತು. ತಾವು ಬರೆದ ನಾಗರಹಾವನ್ನು ಪುಟ್ಟಣ್ಣನವರು ಕೇರೆಹಾವಾಗಿಸಿದರೆಂದು ತರಾಸು ಅಸಮಾಧಾನಪಟ್ಟುದು ಕನ್ನಡಿಗರ ಬಾಯಲ್ಲಿ ಇಂದಿಗೂ ಉಳಿದಿರುವ ಮಾತು. ಕಾದಂಬರಿ ಹೆಚ್ಚೋ ಚಿತ್ರ ಹೆಚ್ಚೋ ಎಂಬ ಆ ಹಳೆಯ ಜಗಳವನ್ನು ನಮ್ಮ ಮೇಜು ಎತ್ತಿಕೊಳ್ಳಲಿಲ್ಲ. ಅಲ್ಲಿದ್ದವರೆಲ್ಲರೂ ಕಂಡಿದ್ದ ಚಿತ್ರದ ಕಥೆಯನ್ನೇ ಹಿಡಿದು ವಾದ ಬೆಳೆಯಿತು.

ಭಟ್ಟರು ಚಾಮಯ್ಯ ಮೇಷ್ಟರ ಪಕ್ಷ. ಊರೆಲ್ಲ ಪುಂಡನೆಂದು ಬೈದ ಹುಡುಗನನ್ನು ತಂದೆಗಿಂತ ಹೆಚ್ಚಾಗಿ ಪ್ರೀತಿಸಿದ ಗುರು ಅವರು. ಅಂಥವರ ಮಾತು ಮೀರಿದುದೇ ಅನಾಹುತಕ್ಕೆ ಕಾರಣ ಎಂಬುದು ಅವರ ವಾದ. ಗುಮಾಸ್ತ ಮಿತ್ರರು ಒಪ್ಪಲಿಲ್ಲ. “ಮಾತು ಮೀರಿದಾಗಲ್ಲ ಭಟ್ಟರೇ, ಮಾತು ಕೇಳಿದಾಗಲೇ ಅನಾಹುತವಾದುದು. ಮೇಷ್ಟರು ಹೇಳಿದರೆಂದು ರಾಮಾಚಾರಿ ಅಲಮೇಲುವನ್ನು ಬಿಟ್ಟುಕೊಟ್ಟ. ಅವಳನ್ನು ಕೊಟ್ಟ ಗಂಡ ಅವಳನ್ನು ಸೂಳೆಗೇರಿಗೆ ಇಳಿಸಿದ. ಮುಂದೆ ಮಾರ್ಗರೆಟ್ಟಳ ವಿಷಯದಲ್ಲಿ ಮೇಷ್ಟರು ಮತ್ತೆ ಅಡ್ಡ ನಿಂತಾಗ ಹುಡುಗ ಯಾವ ಮುಖ ಹೊತ್ತು ಕೇಳಬೇಕಿತ್ತು?” ಎಂದರು. ಬೆಟ್ಟದ ಮೇಲಿನ ಆ ಕೊನೆಯಲ್ಲಿ ಗುರುವೂ ಉಳಿಯುವುದಿಲ್ಲ, ಶಿಷ್ಯನೂ ಉಳಿಯುವುದಿಲ್ಲ, ನಂಬಿ ಬಂದ ಹುಡುಗಿಯೂ ಉಳಿಯುವುದಿಲ್ಲ. ಮೂರು ಸಾವುಗಳಿಂದ ಯಾವ ನೀತಿ ಕಲಿಯಬೇಕು? ಗುರುವಾಕ್ಯವೇ ದೊಡ್ಡದೆಂದೇ? ಜಾತಿಮತಗಳ ಗೋಡೆ ಕೆಡವಬೇಕೆಂದೇ? ಹಟ ಹಾಳುಮಾಡುತ್ತದೆಂದೇ? ಒಬ್ಬೊಬ್ಬರದು ಒಂದೊಂದು ನೀತಿಯಾಯಿತು.

ಮಾಣಿಯದು ನಾಲ್ಕನೆಯ ಮಾತು. ಕಾಲೇಜಿನಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದು, ಶಿಕ್ಷಿಸಿದ ಪ್ರಿನ್ಸಿಪಾಲರನ್ನೇ ರಾತ್ರೋರಾತ್ರಿ ಕಂಬಕ್ಕೆ ಕಟ್ಟಿದ ರಾಮಾಚಾರಿ ಒಳ್ಳೆಯವನೆಂದು ತಾನು ವಾದಿಸುವುದಿಲ್ಲ ಎಂದ. “ಆದರೆ ಶಾಲೆ ಬಿಟ್ಟು ಓಡಿಬಂದ ನನ್ನಂಥವನನ್ನೂ ಒಬ್ಬ ಮೇಷ್ಟರು ಮಗನೆಂದು ಕರೆಯಬಹುದು ಎಂದು ನನಗೆ ಮೊದಲು ತೋರಿಸಿದ್ದು ಆ ಕಥೆ” ಎಂದು ಹೇಳಿ ಲೋಟಗಳತ್ತ ತಿರುಗಿದ. ಕಥೆಯ ದೋಷಗಳನ್ನು ಪಟ್ಟಿಮಾಡಲು ಕುಳಿತವರು ಈ ಮಾತನ್ನೂ ಪಟ್ಟಿಯ ಇನ್ನೊಂದು ಪಾರ್ಶ್ವದಲ್ಲಿ ಬರೆದುಕೊಳ್ಳಬೇಕೆಂಬುದು ನಮ್ಮ ಅಭಿಮತ.

ಕೇಳದೆ ಉಳಿದ ಪ್ರಶ್ನೆ

ಇಷ್ಟು ಹೊತ್ತೂ ಸುಮ್ಮನಿದ್ದ ಹುಡುಗಿ ಆಗ ಹೇಳಿದ ಮಾತು ನಮ್ಮ ಐವತ್ತು ವರ್ಷಗಳ ಅಭಿಮಾನವನ್ನು ಅಲ್ಲಾಡಿಸಿತು.

“ಮಾಮ, ಜಲೀಲ ಅಲಮೇಲುವಿನ ಹಿಂದೆ ಬೀಳುತ್ತಾನೆ, ಅವನು ಖಳ. ಅವನನ್ನು ಹೊಡೆದು ಓಡಿಸಿದರೆ ತಂಗಿಯನ್ನು ನಿನಗೆ ಮದುವೆ ಮಾಡಿಕೊಡುತ್ತೇನೆಂದು ಅಣ್ಣ ವರದ ರಾಮಾಚಾರಿಗೆ ಮಾತು ಕೊಡುತ್ತಾನೆ. ಆಗ ಅಲಮೇಲುವನ್ನು ಯಾರು ಕೇಳಿದರು? ಆಮೇಲೆ ಅಣ್ಣ ಮಾತಿಗೆ ತಪ್ಪುತ್ತಾನೆ. ಆಗಲೂ ಅವಳನ್ನು ಕೇಳುವುದಿಲ್ಲ. ಮೇಷ್ಟರು ಶಿಷ್ಯನಿಗೆ ತ್ಯಾಗ ಕಲಿಸುತ್ತಾರೆ, ತ್ಯಾಗವಾದವಳು ಯಾರು? ಖಳನೂ ನಾಯಕನೂ ಅಣ್ಣನೂ ಗುರುವೂ ಬೇರೆ ಬೇರೆಯವರೆಂದು ನೀವು ವಾದಿಸುತ್ತೀರಿ. ನನಗೆ ಈ ಒಂದು ವಿಷಯದಲ್ಲಿ ನಾಲ್ವರೂ ಒಂದೇ.”

ಭಟ್ಟರು ಏನೋ ಹೇಳಹೊರಟು ನಿಲ್ಲಿಸಿದರು. ಅವರಿಗೂ ಮದುವೆಗೆ ಬಂದ ಮಗಳಿದ್ದಾಳೆ.

ಎಡ್ವರ್ಡನಿಗೂ ರಾಮಾಚಾರಿಗೂ ಇರುವ ನಿಜವಾದ ನೆಂಟು ಇದೇ ಎಂದು ಆಗ ನಮಗೆ ಹೊಳೆಯಿತು. ವಿಷವಲ್ಲ, ಕೋಪವಲ್ಲ, ‘ನಿನ್ನ ಒಳಿತಿಗಾಗಿ’ ಎಂಬ ಆ ಒಂದು ನುಡಿ. ಬೆಲ್ಲಾಳ ವಾಹನವನ್ನು ನಿಲ್ಲಿಸುವುದೂ ಅವಳ ಒಳಿತಿಗೆ. ಅಲಮೇಲುವನ್ನು ಬಿಟ್ಟುಕೊಡುವುದೂ ಯಾರದೋ ಒಳಿತಿಗೆ. ಎಡ್ವರ್ಡ್ ಬರಬರುತ್ತ ತನ್ನ ಪಟ್ಟನ್ನು ಸಡಿಲಿಸಿ ಅವಳ ಇಷ್ಟಕ್ಕೆ ದಾರಿ ಬಿಡುತ್ತಾನೆಂದು ಹುಡುಗಿ ನ್ಯಾಯವಾಗಿಯೇ ಒಪ್ಪಿಕೊಂಡಳು. ನಮ್ಮ ಅಲಮೇಲುವಿಗೆ ಅಷ್ಟೂ ದಕ್ಕಲಿಲ್ಲ. ಆದರೂ ಕಥೆ ಅವಳ ಗತಿಯನ್ನು ಮುಚ್ಚಿಡುವುದಿಲ್ಲ; ಮರಳಿ ಅವಳನ್ನು ನಮ್ಮ ಕಣ್ಣೆದುರಿಗೆ ತಂದು ನಿಲ್ಲಿಸುತ್ತದೆ. ಲೇಖಕರು ಕೊಟ್ಟ ನೀತಿ ಯಾವುದೇ ಇರಲಿ, ಆ ದೃಶ್ಯ ತನ್ನಷ್ಟಕ್ಕೆ ತಾನೇ ಸಾಕ್ಷಿ ನುಡಿಯುತ್ತದೆ. ದೊಡ್ಡ ಕಥೆಗಾರರ ಕೃತಿಗಳಲ್ಲಿ ಹೀಗೆ ಪಾತ್ರಗಳೇ ಉಪದೇಶವನ್ನು ಸೋಲಿಸುವುದುಂಟು.

ಇಲ್ಲಿ ನಮ್ಮದೇ ಕಥೆಯೊಂದನ್ನು ಹೇಳದಿದ್ದರೆ ಈ ಲೇಖನ ಪ್ರಾಮಾಣಿಕವಾಗದು. 1973ರಲ್ಲಿ ಊರಿಗೆ ಹೋಗಿ ‘ನಾಗರಹಾವು’ ನೋಡಿ ಬಂದಾಗ ನಮಗೆ ಇಪ್ಪತ್ತೆರಡು ವರ್ಷ. ಪಾರ್ಲೆಯಲ್ಲಿ ನಾಲ್ವರೊಡನೆ ಒಂದು ಕೋಣೆಯಲ್ಲಿ ವಾಸ. 1929ರಲ್ಲಿ ಆರಂಭವಾಗಿ 2016ರಲ್ಲಿ ಮುಚ್ಚಿದ ಬಿಸ್ಕೀಟು ಕಾರಖಾನೆಯ ಸಿಹಿಗಂಪು ಆಗ ಸ್ಟೇಶನ್ನಿನ ಸೇತುವೆಯವರೆಗೂ ಬರುತ್ತಿತ್ತು. ಆ ಸೇತುವೆಯ ಮೇಲೆ ದಿನವೂ ಬೆಳಿಗ್ಗೆ ಚರ್ಚ್‌ಗೇಟಿನ ಗಾಡಿ ಹಿಡಿಯಲು ಒಬ್ಬ ಹುಡುಗಿ ಬರುತ್ತಿದ್ದಳು. ನಾವು ಅವಳೊಡನೆ ಒಂದು ಮಾತನ್ನೂ ಆಡಲಿಲ್ಲ. ಕತ್ತು ಸೆಟೆಸಿ, ಅಂಗಿಯ ತೋಳು ಮಡಿಸಿ, ಕಂಬಕ್ಕೊರಗಿ ನಿಲ್ಲುತ್ತಿದ್ದೆವು. ಅವಳನ್ನು ಯಾರೂ ಕೆಣಕದಂತೆ ಕಾಯುತ್ತಿದ್ದೇವೆಂದು ನಮ್ಮ ಭಾವನೆ. ನಾಲ್ಕು ತಿಂಗಳ ತರುವಾಯ ಆಕೆ ಬರುವುದು ನಿಂತಿತು. ಅವಳ ನೆರೆಯವರಿಂದ ತಿಳಿದುದೇನೆಂದರೆ, ಯಾವನೋ ಒಬ್ಬ ದಿನವೂ ಸೇತುವೆಯ ಮೇಲೆ ನಿಂತು ನೋಡುತ್ತಾನೆಂದು ಹೆದರಿ ಆಕೆ ಕೆಲಸವನ್ನೇ ಬಿಟ್ಟಿದ್ದಳು. ಆ ‘ಯಾವನೋ ಒಬ್ಬ’ ನಾವು. ನಮ್ಮ ಮನಸ್ಸಿನಲ್ಲಿ ನಾವು ರಾಮಾಚಾರಿ. ಅವಳ ಕಣ್ಣಿಗೆ ಜಲೀಲ. ಅವಳ ಸಂಬಳದಿಂದ ಮನೆಯ ಎಷ್ಟು ಮಂದಿ ಉಣ್ಣುತ್ತಿದ್ದರೆಂದು ನಾವು ವಿಚಾರಿಸಲೇ ಇಲ್ಲ.

ಇಂದು ಕಾನೂನು ಈ ಭೇದವನ್ನು ಸ್ಪಷ್ಟಪಡಿಸಿದೆ. ಹೆಣ್ಣು ತನಗೆ ಇಷ್ಟವಿಲ್ಲವೆಂದು ತೋರಿಸಿದ ಮೇಲೂ ಗಂಡಸು ಮರಳಿ ಮರಳಿ ಹಿಂಬಾಲಿಸುವುದು 2013ರ ತಿದ್ದುಪಡಿಯಿಂದ ಪ್ರತ್ಯೇಕ ಅಪರಾಧವಾಯಿತು. 2024ರ ಜುಲೈಯಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 78ನೆಯ ಕಲಮಿನಲ್ಲೂ ಅದು ಮುಂದುವರಿದಿದೆ. ಮೊದಲ ಸಲಕ್ಕೆ ಮೂರು ವರ್ಷದವರೆಗೂ ಸೆರೆವಾಸವುಂಟು. ಆದರೆ ಕಾನೂನು ಬರುವುದು ಕೊನೆಗೆ. ಅದಕ್ಕೂ ಮುಂಚೆ ನಮ್ಮ ಮನಸ್ಸನ್ನು ತಿದ್ದುವವು, ಕೆಡಿಸುವವು, ನಾವು ಮೆಚ್ಚಿ ಓದುವ ಕಥೆಗಳು.

ಹಾಗೆಂದು ಇಂಥ ಕಥೆಗಳನ್ನು ಓದಬೇಡಿರೆಂದು ನಾವು ಹೇಳುವವರಲ್ಲ. ಹದಿನಾಲ್ಕು ಗಂಟೆ ದುಡಿದ ಮೈಗೆ ಒಂದಿಷ್ಟು ಕನಸು ಬೇಕು. ಊರಿನಿಂದ ದೂರ, ಕಿಕ್ಕಿರಿದ ಕೋಣೆಗಳಲ್ಲಿ, ಹೆಣ್ಣುಮಕ್ಕಳೊಡನೆ ಮಾತನಾಡುವ ಸಂದರ್ಭವೇ ಇಲ್ಲದೆ ಬೆಳೆಯುವ ನಮ್ಮ ಹುಡುಗರಿಗೆ ಪ್ರೇಮವೆಂದರೇನೆಂದು ಹೇಳಿಕೊಡುವವರು ಕಥೆಗಾರರಲ್ಲದೆ ಬೇರಾರಿದ್ದಾರೆ? ಆದುದರಿಂದಲೇ ಒಬ್ಬನೇ ಓದಿ ಸುಮ್ಮನಾಗದೆ ನಾಲ್ವರೊಡನೆ ಜಗಳಾಡಬೇಕು. ಆ ನಾಲ್ವರಲ್ಲಿ ಒಬ್ಬಳಾದರೂ ಹೆಣ್ಣಿರಬೇಕು. ಆ ದಿನ ಆಕೆ ನಮ್ಮ ಮೇಜಿಗೆ ಬರದಿದ್ದರೆ ಚಾಮಯ್ಯ ಮೇಷ್ಟರು ಸರಿಯೋ ತಪ್ಪೋ ಎಂದು ನಾವು ಇನ್ನೂ ಐವತ್ತು ವರ್ಷ ವಾದಿಸುತ್ತಿದ್ದೆವು. ಅಲಮೇಲುವಿನ ನೆನಪೇ ಆಗುತ್ತಿರಲಿಲ್ಲ.

ನಾಲ್ಕು ಗಂಟೆಯಾಯಿತು. ಒಳಗೆ ಎಣ್ಣೆ ಕಾಯಿಸಿ ಬಜ್ಜಿ ಬಿಡಲು ತೊಡಗಿದ್ದರು. ಎದ್ದು ಹೊರಟ ನಮ್ಮನ್ನು ಮಾಣಿ ಬಾಗಿಲವರೆಗೆ ಹಿಂಬಾಲಿಸಿ ಬಂದ. ಎದುರಿನ ಔಷಧದ ಅಂಗಡಿಯಲ್ಲಿ ಕೆಲಸಮಾಡುವ ಹುಡುಗಿಯ ಮೇಲೆ ತನಗೆ ಮನಸ್ಸಾಗಿದೆಯೆಂದೂ ಎರಡು ತಿಂಗಳಿಂದ ಅವಳು ಮನೆಗೆ ಹೊರಡುವ ಹೊತ್ತಿಗೆ ಸರಿಯಾಗಿ ತಾನು ಹೊರಗೆ ನಿಲ್ಲುತ್ತಿರುವೆನೆಂದೂ ತಗ್ಗಿದ ದನಿಯಲ್ಲಿ ಹೇಳಿದ. “ನಾನೇನು ಮಾಡಲಿ, ಸಾರ್?” ಎಂದು ಕೇಳಿದ.

ನಾಳೆಯಿಂದ ಹಾಗೆ ನಿಲ್ಲಬೇಡವೆಂದೆವು. ನಾಲ್ಕು ಜನರ ಓಡಾಟವಿರುವಾಗ ಒಮ್ಮೆ ಮರ್ಯಾದೆಯಿಂದ ಕೇಳಬೇಕು. ಇಲ್ಲವೆಂದರೆ, ಅಥವಾ ಏನೂ ಹೇಳದೆ ಮುಖ ತಿರುಗಿಸಿದರೂ ಸರಿಯೆ, ಮತ್ತೊಮ್ಮೆ ಕೇಳಕೂಡದು ಎಂದೆವು. ಅವನು ಸ್ವಲ್ಪ ಹೊತ್ತು ಯೋಚಿಸಿ, “ಹಾಗೆ ಕೇಳುವುದೇ ಕಷ್ಟ ಸಾರ್, ಹೊಡೆದಾಡುವುದು ಸುಲಭ” ಎಂದ. ಅವನ ಮಾತು ನಿಜವೇ. ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಹೆಗಲ ಮೇಲಿನ ಬಟ್ಟೆಯನ್ನು ಸರಿಪಡಿಸಿಕೊಳ್ಳುತ್ತ ಅವನು ಒಳಕ್ಕೆ ನಡೆದ.