ವೈಮಾನಿಕರ ದಿನಚರಿಗಳಲ್ಲಿ ಸಂಕೇತಾಕ್ಷರಗಳು

ದ್ವಿತೀಯ ಮಹಾಯುದ್ಧದ ಕಾಲದಲ್ಲಿ (1939–45) ಬ್ರಿಟನ್ನಿನ ರಾಯಲ್ ಏರ್ ಫೋರ್ಸಿನ ಪ್ರತಿಯೊಬ್ಬ ವಿಮಾನಚಾಲಕನೂ ತನ್ನ ಹಾರಾಟಗಳ ದಿನಚರಿಯನ್ನು ಬರೆದಿಡಬೇಕಾಗಿತ್ತು. 414ನೆಯ ನಮೂನೆಯೆಂಬ ಆ ಪುಸ್ತಕಗಳು ಇಂದು ಮಕ್ಕಳ, ಮೊಮ್ಮಕ್ಕಳ ಕೈಸೇರಿವೆ. ದಿನಾಂಕ, ವಿಮಾನದ ಜಾತಿ, ಚಾಲಕ, ಕರ್ತವ್ಯ, ಅವಧಿ ಎಂಬ ಅಂಕಣಗಳಲ್ಲಿ ಇಡಿಯ ರಾತ್ರಿಯೊಂದು ನಾಲ್ಕಾರು ಅಕ್ಷರಗಳಲ್ಲಿ ಮುಗಿದುಹೋಗಿರುತ್ತದೆ.

ಅಕ್ಷರಕ್ಕೆ ಅರ್ಥ ಬರುವುದು ಅದು ಕುಳಿತ ಅಂಕಣದಿಂದ. ಚಾಲಕನ ಅಂಕಣದ ‘ಸೆಲ್ಫ್’ ಎಂದರೆ ಪುಸ್ತಕದ ಒಡೆಯನೇ. ಬ್ಯಾಂಕಿನ ಕಡತದಲ್ಲಿ ಖಾತೆಯೆನಿಸುವ ‘ಎ/ಸಿ’ ಇಲ್ಲಿ ಒಮ್ಮೆ ವಿಮಾನ, ಮತ್ತೊಮ್ಮೆ ಭೂಸೇನೆಯೊಡನೆ ಸಹಕಾರ. ‘ಎನ್.ಎಫ್.ಟಿ.’ ಎಂಬುದು ರಾತ್ರಿಯ ಹಾರಾಟಕ್ಕಾಗಿ ಹಗಲಿನಲ್ಲೇ ನಡೆಸುತ್ತಿದ್ದ ಪರೀಕ್ಷೆ. ಮೊದಲ ಅಕ್ಷರವನ್ನು ನಂಬಿ ಅದನ್ನು ರಾತ್ರಿಯ ಲೆಕ್ಕಕ್ಕೆ ಸೇರಿಸಲಾಗದು. ಶಾಯಿಯೂ ಸಾಕ್ಷಿಯೇ: ರಾತ್ರಿಯ ಹಾರಾಟವನ್ನು ಸಾಮಾನ್ಯವಾಗಿ ಕೆಂಪಿನಲ್ಲಿ ಬರೆಯುತ್ತಿದ್ದರು. ‘ಗಾರ್ಡನಿಂಗ್’ ಎಂಬ ನಿರುಪದ್ರವಿ ಶಬ್ದವಂತೂ ತೋಟಗಾರಿಕೆಯಲ್ಲ, ಶತ್ರುವಿನ ಜಲಮಾರ್ಗಗಳಲ್ಲಿ ಸಿಡಿಗುಂಡುಗಳನ್ನು ಬಿತ್ತುವ ಕೆಲಸ! ಭಾರತೀಯ ವಾಯುದಳವೂ ಇದೇ ಪರಿಭಾಷೆಯನ್ನು ಬಳಸಿತು. 1943–44ರಲ್ಲಿ ಅರಕಾನಿನ ಮೇಲೆ ಹರಿಕೇನ್ ವಿಮಾನಗಳನ್ನು ಹಾರಿಸಿದ 6ನೆಯ ಸ್ಕ್ವಾಡ್ರನ್ನಿನವರಿಗೆ ‘ಟ್ಯಾಕ್/ಆರ್’, ಎಂದರೆ ರಣರಂಗದ ವೀಕ್ಷಣೆ, ನಿತ್ಯದ ಮಾತಾಗಿತ್ತು.

ಆದರೆ ವಾಚಕನು ಎಡವಬಾರದ ಸ್ಥಳ ಬೇರೊಂದಿದೆ. ‘ಡಿ.ಸಿ.ಓ.’ ಎಂದರೆ ಕರ್ತವ್ಯ ನೆರವೇರಿತು, ‘ಡಿ.ಎನ್.ಸಿ.ಓ.’ ಎಂದರೆ ನೆರವೇರಲಿಲ್ಲ. ನಡುವಿನ ಆ ಒಂದು ‘ಎನ್’ ಕಂಡು, ತಮ್ಮ ಹಿರಿಯನು ಹೆದರಿ ಹಿಂದಿರುಗಿದನೇ ಎಂದು ಮನೆಯವರು ಶಂಕಿಸುವುದು ಸಹಜ. ಆದರೆ ಆ ಶಂಕೆಗೆ ಈ ಅಕ್ಷರದಲ್ಲಿ ಏನೇನೂ ಆಧಾರವಿಲ್ಲ. ಎಂಜಿನ್ ಕೆಟ್ಟಿರಬಹುದು, ರೆಕ್ಕೆಗಳಿಗೆ ಹಿಮ ಕಟ್ಟಿರಬಹುದು, ಗುರಿ ಮೋಡದಲ್ಲಿ ಮುಚ್ಚಿಹೋಗಿರಬಹುದು, ನಿಸ್ತಂತುವಿನ ಮೂಲಕ ಮೇಲಧಿಕಾರಿಗಳೇ ಮರಳಿ ಕರೆದಿರಬಹುದು. ಅವಧಿಯ ಅಂಕಣವನ್ನು ಜೊತೆಗಿಟ್ಟು ನೋಡಬೇಕು: ಅಕ್ಷರಗಳ ಪಕ್ಕದಲ್ಲಿ ಆರು ಗಂಟೆಗಳಿದ್ದರೆ, ಅಷ್ಟು ಹೊತ್ತೂ ಆತನು ಗಾಳಿಯಲ್ಲಿದ್ದನೆಂಬುದು ನಿಶ್ಚಯ. ಬಾಂಬರ್ ದಳದಲ್ಲಿ ಮೊದಲ ಸರದಿಗೆ 30 ಕಾರ್ಯಾಚರಣೆಗಳೆಂಬ ಎಣಿಕೆಯಿತ್ತು. ನೆರವೇರದ ಹಾರಾಟವು ಅನೇಕ ವೇಳೆ ಆ ಎಣಿಕೆಗೆ ಸೇರುತ್ತಿರಲಿಲ್ಲ. ಅಪಾಯ ಉಂಡವನಿಗೆ ಲೆಕ್ಕವೂ ದಕ್ಕಲಿಲ್ಲವೆಂದರೆ ಸರಿಯಾದೀತು.

ನಿಜವಾದ ಕಾರಣವನ್ನು ಅರಿಯಲು ಆಯಾ ಸ್ಕ್ವಾಡ್ರನ್ನಿನ ಕಾರ್ಯಾಚರಣೆಯ ದಾಖಲೆಯನ್ನು ನೋಡಬೇಕು. ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಅವು ಸುರಕ್ಷಿತವಾಗಿವೆ. ಹೊರಟ ಸಮಯ, ಇಳಿದ ಸಮಯ, ಸಿಬ್ಬಂದಿಯ ಹೆಸರು, ನಡೆದುದರ ಸಂಗ್ರಹ ಅಲ್ಲಿ ದೊರೆಯುತ್ತವೆ. ಇಳಿದ ಸಮಯದ ಸ್ಥಳವು ಬರಿದಾಗಿ, ಪಕ್ಕದಲ್ಲಿ ‘ಎಫ್.ಟಿ.ಆರ್.’ ಎಂದಿದ್ದರೆ ವಿಮಾನ ಮರಳಲಿಲ್ಲವೆಂದರ್ಥ. ಅಂಥವರ ದಿನಚರಿಯ ಕೊನೆಯ ಸಾಲನ್ನು ಬರೆದ ಕೈ ಬೇರೊಬ್ಬರದು.